‘ತಕ್ಕದ್ದು’ ಮತ್ತು ‘ಬಹುದು’: ಕರ್ನಾಟಕದ ಪಂಚಾಯತ್ ಶಾಸನಗಳ ಒಂದು ವಿಮರ್ಶೆ

1. ಪ್ರವೇಶ

ಸಾರ್ವಜನಿಕ ನೀತಿಯನ್ನು ಅದರ ಆಶಯದಿಂದ ಅಳೆಯುವ ರೂಢಿ ಕನ್ನಡದ ರಾಜಕೀಯ ಚಿಂತನೆಯಲ್ಲಿ ಬಲವಾಗಿ ಬೇರೂರಿದೆ. ಆಶಯ ಉದಾತ್ತವಾಗಿತ್ತು, ಅನುಷ್ಠಾನದಲ್ಲಿ ಸೋತಿತು ಎಂಬ ಮಾತು ಭೂಸುಧಾರಣೆಯಿಂದ ಹಿಡಿದು ಪಂಚಾಯತ್ ರಾಜ್ ವ್ಯವಸ್ಥೆಯವರೆಗೆ ಎಲ್ಲದಕ್ಕೂ ಅನ್ವಯಿಸುವ ಸಿದ್ಧ ತೀರ್ಮಾನವಾಗಿಬಿಟ್ಟಿದೆ. ಈ ತೀರ್ಮಾನ ನೀತಿಯನ್ನು ರೂಪಿಸಿದವರಿಗೆ ಅನುಕೂಲಕರವಾದದ್ದು. ಅದು ಅವರನ್ನು ದೋಷಮುಕ್ತರನ್ನಾಗಿಸಿ, ತಪ್ಪಿನ ಹೊರೆಯನ್ನು ಕೆಳಹಂತದ ನೌಕರರ ಮೇಲೂ ಹಳ್ಳಿಯ ಜನರ ‘ಅರಿವಿನ ಕೊರತೆ’ಯ ಮೇಲೂ ಹೊರಿಸುತ್ತದೆ. ನೀತಿಯ ಪಠ್ಯವನ್ನು ಎಚ್ಚರದಿಂದ ಓದಿದಾಗ ಬೇರೊಂದು ಸಂಗತಿ ಕಾಣುತ್ತದೆ. ಅನುಷ್ಠಾನದ ಸೋಲೆಂದು ಕರೆಯಲಾಗುವ ಎಷ್ಟೋ ಸಂಗತಿಗಳು ಪಠ್ಯ ಸಿದ್ಧವಾಗುವ ಹಂತದಲ್ಲಿಯೇ ನಿರ್ಧಾರವಾಗಿರುತ್ತವೆ.

ಕನ್ನಡದ ಶಾಸನ ಭಾಷೆಯಲ್ಲಿ ಎರಡು ಕ್ರಿಯಾರೂಪಗಳು ಮುಖ್ಯವಾದವು. ಒಂದು ‘ತಕ್ಕದ್ದು’, ಇನ್ನೊಂದು ‘ಬಹುದು’. ‘ಚುನಾವಣೆ ನಡೆಸತಕ್ಕದ್ದು’ ಎಂದಾಗ ಹೊಣೆ ಹೊತ್ತವನಿಗೆ ಆಯ್ಕೆಯಿರುವುದಿಲ್ಲ. ‘ಅಧಿಕಾರ ನೀಡಬಹುದು’ ಎಂದಾಗ ಕೊಡುವುದೂ ಕೊಡದಿರುವುದೂ ಕೊಡುವವನ ಇಚ್ಛೆಗೆ ಸೇರಿದ್ದು. 1963ರ ರಾಜಭಾಷಾ ಅಧಿನಿಯಮದ ನಂತರ ಆಡಳಿತ ಕನ್ನಡದ ಕುರಿತು ನಡೆದಿರುವ ಚರ್ಚೆ ಬಹುಮಟ್ಟಿಗೆ ಪದಕೋಶ ಮತ್ತು ಅನುವಾದದ ಸಮಸ್ಯೆಗಳಿಗೆ ಸೀಮಿತವಾಗಿದೆ. ಈ ಎರಡು ಕ್ರಿಯಾರೂಪಗಳು ಯಾರಿಗೆ ಅನ್ವಯವಾಗುತ್ತವೆ, ಯಾರನ್ನು ಕಟ್ಟಿಹಾಕುತ್ತವೆ, ಯಾರನ್ನು ಬಿಟ್ಟುಕೊಡುತ್ತವೆ ಎಂಬ ಪ್ರಶ್ನೆ ಅದರಲ್ಲಿ ಅಷ್ಟಾಗಿ ಬಂದಿಲ್ಲ.

ಕರ್ನಾಟಕದ ಅಧಿಕಾರ ವಿಕೇಂದ್ರೀಕರಣದ ಶಾಸನಗಳನ್ನು ಈ ನೆಲೆಯಿಂದ ಓದುವುದು ಪ್ರಸ್ತುತ ಲೇಖನದ ಉದ್ದೇಶ. ನೀತಿಯ ರಚನೆ, ನಿಯಂತ್ರಣ, ಹಣಕಾಸು ಮತ್ತು ಅನುಷ್ಠಾನ ಎಂಬ ನಾಲ್ಕು ಮುಖಗಳನ್ನು ಇಲ್ಲಿ ಒಟ್ಟಾಗಿ ಪರಿಶೀಲಿಸಲಾಗಿದೆ. ಹಳ್ಳಿಗೆ ಏನನ್ನು ಕೊಡಲಾಯಿತು ಎಂಬುದರಷ್ಟೇ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಧಿಕಾರ ಯಾರ ಕೈಯಲ್ಲಿ ಉಳಿಯಿತು ಎಂಬುದೂ ಇಲ್ಲಿನ ಮುಖ್ಯ ಪ್ರಶ್ನೆ.

2. 1983ರ ಅಧಿನಿಯಮದ ಸಾಧನೆ

ಬಲವಂತರಾಯ್ ಮೆಹ್ತಾ ಸಮಿತಿಯ 1957ರ ವರದಿಯ ಹಿನ್ನೆಲೆಯಲ್ಲಿ ಅಂದಿನ ಮೈಸೂರು ರಾಜ್ಯ 1959ರಲ್ಲಿ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯನ್ನು ಜಾರಿಗೆ ತಂದಿತು. ಅದರಲ್ಲಿ ಗ್ರಾಮ ಪಂಚಾಯತಿ ಮತ್ತು ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಚುನಾಯಿತ ಸಂಸ್ಥೆಗಳಾಗಿದ್ದವು. ಜಿಲ್ಲಾ ಹಂತದಲ್ಲಿದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು. ಅದರ ಸ್ವರೂಪ ಸಲಹಾತ್ಮಕವಾದದ್ದು. ಜಿಲ್ಲೆಯ ಆಡಳಿತದ ಕೇಂದ್ರವಾಗಿದ್ದ ಅಧಿಕಾರಿ ಕೇಂದ್ರವಾಗಿಯೇ ಉಳಿದನು. ಚುನಾಯಿತರು ಅವನ ಸುತ್ತ ಕುಳಿತು ಸಲಹೆ ನೀಡುವವರಾದರು.

ಈ ಕ್ರಮವನ್ನು ತಲೆಕೆಳಗು ಮಾಡಿದ್ದು 1983ರ ಅಧಿನಿಯಮ. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಎರಡು ಹಂತದ ವ್ಯವಸ್ಥೆಯನ್ನು ಶಿಫಾರಸು ಮಾಡಿತ್ತು. ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಅದನ್ನು ಕರ್ನಾಟಕದ ಸಂದರ್ಭಕ್ಕೆ ಒಗ್ಗಿಸಿದರು. ಮಸೂದೆ 1983ರಲ್ಲಿ ಮಂಡನೆಯಾದರೂ ರಾಷ್ಟ್ರಪತಿಗಳ ಅಂಗೀಕಾರ ದೊರೆತದ್ದು 1985ರಲ್ಲಿ. 1987ರ ಜನವರಿಯಲ್ಲಿ ಚುನಾವಣೆ ನಡೆದು, ಅದೇ ವರ್ಷದ ಏಪ್ರಿಲ್‌ನಿಂದ ಜಿಲ್ಲಾ ಪರಿಷತ್ತುಗಳು ಕಾರ್ಯಾರಂಭ ಮಾಡಿದವು. ಸಾಮಾನ್ಯವಾಗಿ 8,000ದಿಂದ 12,000 ಜನಸಂಖ್ಯೆಗೆ ಒಂದು ಮಂಡಲ ಪಂಚಾಯತಿ ಎಂಬುದು ಅಂದಿನ ಲೆಕ್ಕ. ಐವತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಒಮ್ಮೆಲೇ ಅಧಿಕಾರದ ಪಡಸಾಲೆಗೆ ಬಂದರು. ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ದೇಶದ ಮಟ್ಟದಲ್ಲಿ ಇಂಥ ಮೀಸಲಾತಿ ಸಂವಿಧಾನದೊಳಗೆ ಬರಲು ಇನ್ನೂ ಆರು ವರ್ಷ ಬೇಕಾಯಿತು.

ಈ ಅಧಿನಿಯಮದ ನಿಜವಾದ ಧೈರ್ಯ ಅದರ ಅಧಿಕಾರ ಶ್ರೇಣಿಯಲ್ಲಿದೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಸೇವಾ ಹಿರಿತನವುಳ್ಳ ಅಧಿಕಾರಿಯನ್ನು ನೇಮಿಸಲಾಯಿತು. ಕೇಂದ್ರದ ಯೋಜನೆಗಳನ್ನು ಪ್ರತ್ಯೇಕವಾಗಿ ನಡೆಸುತ್ತಿದ್ದ ಜಿಲ್ಲಾ ಗ್ರಾಮೀಣಾಭಿವೃದ್ಧಿ ಸಂಘವನ್ನು ಜಿಲ್ಲಾ ಪರಿಷತ್ತಿನಲ್ಲಿ ವಿಲೀನಗೊಳಿಸಲಾಯಿತು. ಶಾಲೆ, ಆಸ್ಪತ್ರೆ, ಕೃಷಿ, ಪಶುವೈದ್ಯ ಇಲಾಖೆಗಳ ಜಿಲ್ಲಾಮಟ್ಟದ ಅಧಿಕಾರಿಗಳು ಪರಿಷತ್ತಿನ ಸಭೆಯಲ್ಲಿ ಉತ್ತರ ಕೊಡಬೇಕಾಯಿತು. ಹೊರನೋಟಕ್ಕೆ ಇವು ಶಿಷ್ಟಾಚಾರದ ವಿವರಗಳಂತೆ ಕಾಣುತ್ತವೆ. ಆದರೆ ವಸಾಹತುಶಾಹಿ ಕಾಲದಿಂದ ಕಲೆಕ್ಟರ್ ಕಚೇರಿಯನ್ನೇ ಸರ್ಕಾರವೆಂದು ತಿಳಿದುಬಂದ ಸಮಾಜದಲ್ಲಿ, ಸಭೆಯಲ್ಲಿ ಯಾರು ಯಾರಿಗೆ ಎದ್ದು ನಿಲ್ಲುತ್ತಾರೆ ಎಂಬುದು ಅಧಿಕಾರದ ಸ್ಥಾನಪಲ್ಲಟವನ್ನೇ ಸೂಚಿಸುತ್ತದೆ.

ಫಲಿತಾಂಶದ ಬಗ್ಗೆ ಅಂದಾಜುಗಳಿಗಿಂತ ಅಧ್ಯಯನಗಳನ್ನು ನೆಚ್ಚುವುದು ಉಚಿತ. ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮೇನರ್ ಅವರು 1998ರಲ್ಲಿ ಪ್ರಕಟಿಸಿದ ತೌಲನಿಕ ಅಧ್ಯಯನ ಕರ್ನಾಟಕವನ್ನು ಬಾಂಗ್ಲಾದೇಶ, ಘಾನಾ ಮತ್ತು ಐವರಿ ಕೋಸ್ಟ್‌ಗಳ ಜೊತೆಯಲ್ಲಿಟ್ಟು ನೋಡುತ್ತದೆ. ಆ ನಾಲ್ಕರಲ್ಲಿ ಕರ್ನಾಟಕದ ಪ್ರಯೋಗವೇ ಹೆಚ್ಚು ಯಶಸ್ವಿಯಾದದ್ದೆಂದು ಅದು ಗುರುತಿಸುತ್ತದೆ. ಶಿಕ್ಷಕರು ಮತ್ತು ಆರೋಗ್ಯ ಸಿಬ್ಬಂದಿಯ ಹಾಜರಾತಿ ಸುಧಾರಿಸಿದ್ದು, ಹಳ್ಳಿಯ ಅಹವಾಲು ಮೇಲಕ್ಕೆ ಬೇಗ ತಲುಪಿದ್ದು ಈ ಅವಧಿಯ ಸ್ಪಷ್ಟ ಲಾಭಗಳು. ಬಡವರಲ್ಲಿ ಬಡವರಿಗೆ ದಕ್ಕಿದ್ದು ಕಡಿಮೆ ಎಂಬುದನ್ನೂ ಅದೇ ಅಧ್ಯಯನ ದಾಖಲಿಸುತ್ತದೆ. ಈ ಎರಡು ಮಾತುಗಳನ್ನು ಜೊತೆಗಿಟ್ಟೇ ಓದಬೇಕು. ಕೊಳವೆಬಾವಿಗಳ ಮೂಲಕ ಕುಡಿಯುವ ನೀರನ್ನು ಹಳ್ಳಿಗಳಿಗೆ ತಲುಪಿಸಿದ ಕಾರಣ ‘ನೀರ್ ಸಾಬ್’ ಎಂದೇ ಜನ ಕರೆದ ಸಚಿವರ ಸ್ಮರಣೆ ಪ್ರೀತಿಯಿಂದ ಕೂಡಿದ್ದು. ಆ ಪ್ರೀತಿಯೇ ಶಾಸನದ ದೌರ್ಬಲ್ಯಗಳನ್ನು ಮರೆಮಾಡಬಾರದು.

3. ವ್ಯಕ್ತಿ ಮತ್ತು ಶಾಸನ

ನಜೀರ್ ಸಾಬ್ ಅವರು 1988ರಲ್ಲಿ ತೀರಿಕೊಂಡರು. ಕೆ.ಎಸ್. ಕೃಷ್ಣಸ್ವಾಮಿ ಅವರ ಅಧ್ಯಕ್ಷತೆಯ ಮೌಲ್ಯಮಾಪನ ಸಮಿತಿ 1989ರಲ್ಲಿ ತನ್ನ ವರದಿಯನ್ನು ನೀಡಿತು. 1992ರ ಆರಂಭದಲ್ಲಿ ಚುನಾಯಿತ ಸಂಸ್ಥೆಗಳ ಅವಧಿ ಮುಗಿಯಿತು. ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ನೇಮಕವಾದರು. ದೇಶವೇ ಮಾದರಿಯೆಂದು ನೋಡುತ್ತಿದ್ದ ವ್ಯವಸ್ಥೆ ಯಾವ ಗದ್ದಲವೂ ಇಲ್ಲದೆ ನಿಂತುಹೋಯಿತು.

ಇದನ್ನು ಸರ್ಕಾರ ಬದಲಾದದ್ದರ ಪರಿಣಾಮವೆಂದು ವಿವರಿಸುವುದು ಸಾಮಾನ್ಯ. ಆ ವಿವರಣೆ ಅರ್ಧ ಸತ್ಯ. ಒಬ್ಬ ಸಚಿವರ ನಿಷ್ಠೆಯಿಂದ ನಿಂತ ವ್ಯವಸ್ಥೆ ಇನ್ನೊಬ್ಬರ ಅನಾಸ್ಥೆಯಿಂದ ಬೀಳಲು ಸಾಧ್ಯವಾಯಿತು ಎಂದರೆ, ಅದನ್ನು ಹಿಡಿದಿಡುವ ಕಟ್ಟು ಶಾಸನದಲ್ಲಿ ಇರಲಿಲ್ಲವೆಂದೇ ಅರ್ಥ. 1983ರ ಅಧಿನಿಯಮ ಗ್ರಾಮಸಭೆ ಕರೆಯುವಂತೆ ಮಂಡಲ ಪಂಚಾಯತಿಗೆ ವಿಧಿಸಿತು, ಲೆಕ್ಕ ಇಡುವಂತೆ ವಿಧಿಸಿತು, ಬೀದಿ ದೀಪ ಮತ್ತು ನೈರ್ಮಲ್ಯದ ಹೊಣೆಯನ್ನು ವಿಧಿಸಿತು. ಕಾಲಕ್ಕೆ ಸರಿಯಾಗಿ ಚುನಾವಣೆ ನಡೆಸುವಂತೆ ರಾಜ್ಯ ಸರ್ಕಾರವನ್ನು ಅಷ್ಟೇ ಬಿಗಿಯಾಗಿ ಕಟ್ಟಿಹಾಕಲು ಅದಕ್ಕೆ ಸಾಧ್ಯವಾಗಲಿಲ್ಲ. ‘ತಕ್ಕದ್ದು’ ಕೆಳಕ್ಕೆ ಹರಿಯಿತು, ‘ಬಹುದು’ ಮೇಲುಗಡೆ ಉಳಿಯಿತು.

ತಾಲ್ಲೂಕು ಹಂತದ ರಚನೆಯಲ್ಲೂ ಇದೇ ಅಂಜಿಕೆ ಕಾಣುತ್ತದೆ. ತಾಲ್ಲೂಕು ಪಂಚಾಯತ್ ಸಮಿತಿಗೆ ನೇರ ಚುನಾವಣೆ ಇರಲಿಲ್ಲ, ಶಾಸಕರೇ ಅದರ ಅಧ್ಯಕ್ಷರಾಗಿದ್ದರು. ವಿಕೇಂದ್ರೀಕರಣದಿಂದ ತಮ್ಮ ಪ್ರಭಾವ ಕುಗ್ಗೀತೆಂಬ ಶಾಸಕರ ಆತಂಕವನ್ನು ಶಮನ ಮಾಡಲು ಕಂಡುಕೊಂಡ ರಾಜಿಯೆಂದು ಇದನ್ನು ಓದಲು ಸಾಧ್ಯವಿದೆ. ರಾಜಿಯಿಲ್ಲದೆ ಮಸೂದೆ ಅಂಗೀಕಾರವಾಗುವುದು ಕಷ್ಟವಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ವಿನ್ಯಾಸದ ಹಂತದಲ್ಲಿ ಮಾಡಿಕೊಂಡ ರಾಜಿ ಅನುಷ್ಠಾನದ ಹಂತದಲ್ಲಿ ಪೈಪೋಟಿಯಾಗಿ ಬೆಳೆಯಿತು.

4. 73ನೆಯ ತಿದ್ದುಪಡಿಯ ವ್ಯಾಕರಣ

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಕರ್ನಾಟಕದ ಅನುಭವದಿಂದ ಬಹಳಷ್ಟನ್ನು ಕಲಿತಿತ್ತು. ಅದರ ವಿಧಿಗಳನ್ನು ಸಾಲಾಗಿಟ್ಟು ಕ್ರಿಯಾಪದಗಳನ್ನಷ್ಟೇ ನೋಡಿದರೆ ಒಂದು ವಿನ್ಯಾಸ ಹೊರಡುತ್ತದೆ. ಪಂಚಾಯತಿಗಳ ರಚನೆ ಕಡ್ಡಾಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರ ಮೀಸಲಾತಿಯನ್ನು ವಿಧಿಸುವ 243ಡಿ ಕಡ್ಡಾಯ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕೆನ್ನುವ 243ಇ ಕಡ್ಡಾಯ. ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗವನ್ನು ನೇಮಿಸಬೇಕೆನ್ನುವ 243ಐ ಸಹ ಕಡ್ಡಾಯ. ಆದರೆ ಪಂಚಾಯತಿಗಳಿಗೆ ಅಧಿಕಾರ ಮತ್ತು ಹೊಣೆಗಳನ್ನು ವಹಿಸುವ 243ಜಿ ಹಾಗೂ ತೆರಿಗೆ ಹಾಕುವ ಅಧಿಕಾರದ 243ಎಚ್ ಎರಡೂ ‘ಬಹುದು’ ಎಂಬ ರೂಪದಲ್ಲಿವೆ. ಹನ್ನೊಂದನೆಯ ಅನುಸೂಚಿಯ 29 ವಿಷಯಗಳ ಪಟ್ಟಿ ಈ ‘ಬಹುದು’ವಿನ ನೆರಳಿನಲ್ಲಿದೆ.

ಅಂದರೆ ಸಂವಿಧಾನ ಪಂಚಾಯತಿ ಎಂಬ ಮನೆಯನ್ನು ಕಡ್ಡಾಯಗೊಳಿಸಿತು. ಮನೆಯೊಳಗಿನ ಒಲೆ ಮತ್ತು ಕಣಜವನ್ನು ರಾಜ್ಯಗಳ ಮರ್ಜಿಗೆ ಬಿಟ್ಟಿತು. ಸಂಯುಕ್ತ ವ್ಯವಸ್ಥೆಯಲ್ಲಿ ರಾಜ್ಯ ಪಟ್ಟಿಯ ವಿಷಯಗಳ ಮೇಲೆ ಕೇಂದ್ರ ಇದಕ್ಕಿಂತ ಹೆಚ್ಚು ಒತ್ತಡ ಹೇರುವಂತಿರಲಿಲ್ಲ ಎಂಬ ಸಮರ್ಥನೆಗೆ ಬೆಲೆಯಿದೆ. ಪರಿಣಾಮ ಮಾತ್ರ ಸ್ಪಷ್ಟವಾಗಿದೆ: ಕಡ್ಡಾಯವಾದದ್ದು ಉಳಿದು ಬೆಳೆಯಿತು, ಐಚ್ಛಿಕವಾದದ್ದು ರಾಜ್ಯದಿಂದ ರಾಜ್ಯಕ್ಕೆ, ಸರ್ಕಾರದಿಂದ ಸರ್ಕಾರಕ್ಕೆ ಏರಿಳಿಯಿತು.

ಮಹಿಳಾ ಮೀಸಲಾತಿ ಇದಕ್ಕೆ ದೊಡ್ಡ ಸಾಕ್ಷಿ. 1983ರಲ್ಲಿ ಶೇ. 25 ಇದ್ದದ್ದು 1993ರಲ್ಲಿ ಮೂರನೆಯ ಒಂದು ಭಾಗವಾಗಿ, 2010ರಲ್ಲಿ ಕರ್ನಾಟಕದಲ್ಲಿ ಶೇ. 50ಕ್ಕೆ ಏರಿತು. ಗಂಡನ ನೆರಳಿನಲ್ಲಿ ಅಧಿಕಾರ ನಡೆಸುವ ಸದಸ್ಯೆಯ ಬಗೆಗಿನ ವ್ಯಂಗ್ಯ ಮೊದಲ ದಶಕದಲ್ಲಿ ಧಾರಾಳವಾಗಿ ಕೇಳಿಬಂದರೂ ಮೀಸಲಾತಿಯ ಪ್ರಮಾಣ ಒಮ್ಮೆಯೂ ಕೆಳಗಿಳಿಯಲಿಲ್ಲ. ಕಾಲಕ್ರಮದಲ್ಲಿ ಸಾಮಾನ್ಯ ಸ್ಥಾನಗಳಿಂದಲೂ ಮಹಿಳೆಯರು ಗೆದ್ದು ಬಂದರು. ಈ ವ್ಯಂಗ್ಯಕ್ಕೆ ನೀತಿ ಬಗ್ಗದಿರಲು ಕಾರಣ ಆಡಳಿತಗಾರರ ಔದಾರ್ಯಕ್ಕಿಂತ ಹೆಚ್ಚಾಗಿ 243ಡಿಯ ಕಡ್ಡಾಯ ಸ್ವರೂಪ.

ಇದಕ್ಕೆ ವ್ಯತಿರಿಕ್ತವಾದ ಇನ್ನೊಂದು ಉದಾಹರಣೆ ಅದೇ ವರ್ಷದ್ದು. ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ದೊರೆತ 1993ರ ಡಿಸೆಂಬರ್‌ನಲ್ಲಿಯೇ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಯೋಜನೆ ಪ್ರಕಟವಾಯಿತು. ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿಗಳಂಥ ಕೆಲಸಗಳನ್ನು ಶಿಫಾರಸು ಮಾಡುವ ಅವಕಾಶ ಸಂಸದರಿಗೂ, ಮಂಜೂರು ಮಾಡುವ ಅಧಿಕಾರ ಜಿಲ್ಲಾಡಳಿತಕ್ಕೂ ದೊರೆಯಿತು. ಅಂದರೆ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಯ ಪಾಲಿಗೆ ಬರೆದ ಕೆಲಸಗಳೇ ಮತ್ತೊಂದು ದಾರಿಯಲ್ಲಿ ಹಿಂದಕ್ಕೆ ಹೋದವು. ಒಂದು ಕೈಯಿಂದ ಬರೆದದ್ದನ್ನು ಇನ್ನೊಂದು ಕೈ ಅಳಿಸುವ ಈ ಕ್ರಮವನ್ನು ಅನುಷ್ಠಾನದ ವೈಫಲ್ಯವೆನ್ನಲಾಗದು. ಎರಡೂ ಕೈಗಳು ನೀತಿ ರೂಪಿಸುವವರವೇ.

5. ‘ಅನುದಾನ’ ಮತ್ತು ‘ಪಾಲು’

ಹಣಕಾಸಿನ ಭಾಷೆಯಲ್ಲಿ ಪಂಚಾಯತಿ ಪಡೆಯುವ ಹಣಕ್ಕೆ ‘ಅನುದಾನ’ ಎಂದು ಹೆಸರು. ಆ ಪದದೊಳಗೆ ದಾನವಿದೆ. ದಾನಕ್ಕೆ ಕೊಡುವವನ ಕೃಪೆ ಬೇಕು, ಪಡೆಯುವವನ ವಿನಯ ಬೇಕು. ಹಳ್ಳಿಗೆ ಇಂತಿಷ್ಟು ಅನುದಾನ ‘ತಂದೆವು’ ಎಂದು ಜನಪ್ರತಿನಿಧಿಗಳು ಭಾಷಣಗಳಲ್ಲಿ ಹೇಳಿಕೊಳ್ಳುವುದು ಈ ಅರ್ಥಲೋಕಕ್ಕೆ ಒಪ್ಪುವಂಥದೇ. ಹಣಕಾಸು ಆಯೋಗದ ಪರಿಕಲ್ಪನೆ ಇದಕ್ಕಿಂತ ಬೇರೆ. ರಾಜ್ಯದ ವರಮಾನದಲ್ಲಿ ಸ್ಥಳೀಯ ಸಂಸ್ಥೆಗಳಿಗೆ ನ್ಯಾಯವಾಗಿ ಸಲ್ಲಬೇಕಾದ ಭಾಗವೆಷ್ಟು ಎಂದು ಅದು ಕೇಳುತ್ತದೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ‘ಪಾಲು’. ಪಾಲನ್ನು ಯಾರೂ ತರಬೇಕಾಗಿಲ್ಲ, ಅದು ಬರಬೇಕಾದದ್ದು.

ಜಿ. ತಿಮ್ಮಯ್ಯ ಅವರ ಅಧ್ಯಕ್ಷತೆಯ ಕರ್ನಾಟಕದ ಮೊದಲ ರಾಜ್ಯ ಹಣಕಾಸು ಆಯೋಗ ಈ ಪಾಲಿನ ಭಾಷೆಯಲ್ಲಿಯೇ ಮಾತನಾಡಿತು. ಸಾಲದ ಹೊರತಾದ ರಾಜ್ಯದ ಸ್ವಂತ ವರಮಾನದ ಶೇ. 36ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಬೇಕೆಂದೂ, ಅದರಲ್ಲಿ ಶೇ. 85 ಗ್ರಾಮೀಣ ಸಂಸ್ಥೆಗಳಿಗೂ ಶೇ. 15 ನಗರ ಸಂಸ್ಥೆಗಳಿಗೂ ಸಲ್ಲಬೇಕೆಂದೂ ಅದು ಶಿಫಾರಸು ಮಾಡಿತು. ಅಂಕಿ ದೊಡ್ಡದು. ಆದರೆ ಈ ಲೆಕ್ಕದೊಳಗೆ ಏನೇನು ಸೇರಿದೆ ಎಂಬುದನ್ನು ಗಮನಿಸಬೇಕು. ಶಿಕ್ಷಕರ ಸಂಬಳ, ಆಸ್ಪತ್ರೆಗಳ ವೆಚ್ಚ, ಇಲಾಖೆಗಳು ಈಗಾಗಲೇ ರೂಪಿಸಿದ ಯೋಜನೆಗಳ ಹಣ ಎಲ್ಲವೂ ಜಿಲ್ಲಾ ವಲಯದ ಖಾತೆಯ ಮೂಲಕ ಹಾದುಹೋಗುತ್ತವೆ. ರಾಜ್ಯದ ಆಯವ್ಯಯದ ಜೊತೆಗೆ ಬರುವ, ‘ಲಿಂಕ್ ಡಾಕ್ಯುಮೆಂಟ್’ ಎಂದೇ ಕಚೇರಿಗಳಲ್ಲಿ ಕರೆಯಲಾಗುವ ದಾಖಲೆಯಲ್ಲಿ ಜಿಲ್ಲೆಯ ಹಣ ಯೋಜನಾವಾರು ಶೀರ್ಷಿಕೆಗಳಲ್ಲಿ ಹಂಚಿಕೆಯಾಗಿರುತ್ತದೆ. ಒಂದು ಶೀರ್ಷಿಕೆಯ ಹಣವನ್ನು ಸ್ಥಳೀಯ ಅಗತ್ಯ ನೋಡಿ ಇನ್ನೊಂದಕ್ಕೆ ತಿರುಗಿಸುವ ಸ್ವಾತಂತ್ರ್ಯ ಪಂಚಾಯತಿಗೆ ಅತ್ಯಲ್ಪ. ನದಿ ಊರಿನ ನಡುವೆಯೇ ಹರಿಯುತ್ತದೆ, ಕಾಲುವೆ ತೋಡುವ ಹಕ್ಕು ಮಾತ್ರ ಊರಿಗಿಲ್ಲ.

ಕೇರಳದ ಅನುಭವ ಇಲ್ಲಿ ಹೋಲಿಕೆಗೆ ಯೋಗ್ಯವಾಗಿದೆ. 1996ರಲ್ಲಿ ಆರಂಭವಾದ ಜನತಾ ಯೋಜನಾ ಆಂದೋಲನದಲ್ಲಿ ಅಲ್ಲಿನ ಸರ್ಕಾರ ರಾಜ್ಯ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು. ಅದರ ದೊಡ್ಡ ಭಾಗವನ್ನು ಹೇಗೆ ಬಳಸಬೇಕೆಂಬ ತೀರ್ಮಾನ ಆಯಾ ಪಂಚಾಯತಿಯದು. ಪ್ರತಿ ಪಂಚಾಯತಿಗೆ ಸಲ್ಲುವ ಮೊತ್ತವನ್ನು ಆಯವ್ಯಯದ ಅನುಬಂಧದಲ್ಲಿ ಹೆಸರು ಸಹಿತ ಮುದ್ರಿಸುವ ಪದ್ಧತಿಯೂ ಅಲ್ಲಿ ಬೆಳೆಯಿತು. ವಿಧಾನಸಭೆಯ ಮುಂದೆ ಮುದ್ರಿತವಾಗಿ ಬಂದ ಮೊತ್ತವನ್ನು ವರ್ಷದ ನಡುವೆ ಸದ್ದಿಲ್ಲದೆ ಕಡಿಮೆ ಮಾಡುವುದು ಸುಲಭವಲ್ಲ. ಕರ್ನಾಟಕ ಸಂಸ್ಥೆಗಳನ್ನು ಮೊದಲು ಕಟ್ಟಿತು, ಕೇರಳ ಹಣವನ್ನು ಮೊದಲು ಕೊಟ್ಟು ಸಾಮರ್ಥ್ಯ ನಂತರ ಬೆಳೆಯಲೆಂದು ಬಿಟ್ಟಿತು. ಸಾಮರ್ಥ್ಯ ಬಂದ ಮೇಲೆ ಹಣ ಎಂಬ ವಾದ, ಈಜು ಕಲಿತ ಮೇಲೆ ನೀರಿಗಿಳಿ ಎಂಬಂತಹದು.

ಆಯೋಗಗಳ ನೇಮಕವೂ ಒಂದು ಪಾಠವನ್ನು ಹೇಳುತ್ತದೆ. ಕರ್ನಾಟಕದ ಮೊದಲ ಐದು ಹಣಕಾಸು ಆಯೋಗಗಳು ಕ್ರಮವಾಗಿ 1994, 2000, 2006, 2015 ಮತ್ತು 2023ರಲ್ಲಿ ರಚನೆಯಾದವು. ಐದು ವರ್ಷಕ್ಕೊಮ್ಮೆ ಎಂದು ಸಂವಿಧಾನ ಹೇಳಿದ್ದರೂ ಅಂತರ ಒಂಬತ್ತು, ಎಂಟು ವರ್ಷಗಳಿಗೆ ಬೆಳೆಯಿತು. ‘ತಕ್ಕದ್ದು’ ಎಂದು ಬರೆದದ್ದಕ್ಕೂ ಮೀರಿದ ಒಂದು ಸಮಸ್ಯೆ ಇಲ್ಲಿಂದ ಎದುರಾಗುತ್ತದೆ.

6. ‘ತಕ್ಕದ್ದು’ ಸಡಿಲವಾಗುವ ಬಗೆ

ಕಡ್ಡಾಯವೆಂದು ಬರೆದ ಮಾತ್ರಕ್ಕೆ ಎಲ್ಲವೂ ಕಡ್ಡಾಯವಾಗುವುದಿಲ್ಲ ಎಂಬುದನ್ನು ಕರ್ನಾಟಕದ ನಂತರದ ಚರಿತ್ರೆ ತೋರಿಸುತ್ತದೆ. 2003ರಲ್ಲಿ ರಾಜ್ಯ ಸರ್ಕಾರ 29 ವಿಷಯಗಳಲ್ಲಿ ಯಾವ ಕೆಲಸ ಯಾವ ಹಂತದ ಪಂಚಾಯತಿಗೆ ಸೇರಿದ್ದು ಎಂಬ ಹೊಣೆ ಹಂಚಿಕೆಯ ನಕ್ಷೆಯನ್ನು ಆದೇಶವಾಗಿ ಹೊರಡಿಸಿತು. ಅದೊಂದು ಗಂಭೀರ ಪ್ರಯತ್ನ. ಕೆ.ಆರ್. ರಮೇಶ್ ಕುಮಾರ್ ಅವರ ಅಧ್ಯಕ್ಷತೆಯ ಸಮಿತಿ 2014ರಲ್ಲಿ ನೀಡಿದ ವರದಿಯ ಆಧಾರದಲ್ಲಿ 2015ರ ತಿದ್ದುಪಡಿ ಬಂದಿತು. ಅಧಿನಿಯಮದ ಹೆಸರಿಗೆ ‘ಗ್ರಾಮ ಸ್ವರಾಜ್’ ಸೇರಿತು, ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಿಗೆ ಬಲ ಬಂದಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅಧ್ಯಕ್ಷರ ಅವಧಿ ಅದಕ್ಕೆ ಮೊದಲು 20 ತಿಂಗಳಾಗಿತ್ತು. ಕಡತ ಓದಲು ಕಲಿಯುವಷ್ಟರಲ್ಲಿ ಕುರ್ಚಿ ಬಿಡಬೇಕಾಗಿದ್ದ ಆ ಸ್ಥಿತಿಯನ್ನು ತಿದ್ದುಪಡಿ ಐದು ವರ್ಷಕ್ಕೆ ವಿಸ್ತರಿಸಿತು.

ಈ ಸುಧಾರಿತ ಶಾಸನದ ಕಾಲದಲ್ಲಿಯೇ 1992ರ ಸನ್ನಿವೇಶ ಮರುಕಳಿಸಿದ್ದು ವಿಪರ್ಯಾಸ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವುಗಳ ಅವಧಿ ಮುಗಿಯಿತು. ಕ್ಷೇತ್ರ ಪುನರ್ವಿಂಗಡಣೆಯ ಕೆಲಸವನ್ನು ಅದೇ ವರ್ಷ ಶಾಸನದ ತಿದ್ದುಪಡಿಯ ಮೂಲಕ ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ವಹಿಸಲಾಯಿತು. ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಸಮಕಾಲೀನ ಅಂಕಿಅಂಶಗಳ ಆಧಾರ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2010 ಮತ್ತು 2021ರ ತೀರ್ಪುಗಳಲ್ಲಿ ಹೇಳಿದ್ದು ವಿಳಂಬಕ್ಕೆ ನೀಡಲಾದ ಕಾರಣಗಳಲ್ಲೊಂದು. ಆ ಕಾರಣ ಹುಸಿಯಲ್ಲ. ಆದರೆ 2010ರ ತೀರ್ಪಿನಿಂದ 2021ರವರೆಗೆ ಹನ್ನೊಂದು ವರ್ಷಗಳಿದ್ದವು. ಇದೇ ಅವಧಿಯಲ್ಲಿ, ಕೋವಿಡ್ ಪಿಡುಗಿನ ನಡುವೆಯೂ, 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತಿ ಚುನಾವಣೆ ನಡೆದದ್ದನ್ನು ಮರೆಯುವಂತಿಲ್ಲ.

1992ರಲ್ಲಿ ಚುನಾವಣೆ ನಿಂತಾಗ ಸಂವಿಧಾನದ ರಕ್ಷಣೆ ಇರಲಿಲ್ಲ. 2021ರಲ್ಲಿ ಅದು ಇತ್ತು. ಆದರೂ ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ ಆಡಳಿತಾಧಿಕಾರಿಗಳೇ ಮತ್ತೆ ಕುಳಿತರು. 243ಇ ವಿಧಿ ಚುನಾವಣೆಯ ಕಾಲವನ್ನು ಕಡ್ಡಾಯಗೊಳಿಸಿತು, ಚುನಾವಣೆಗೆ ಮೊದಲು ಆಗಬೇಕಾದ ಕೆಲಸಗಳ ಕಾಲವನ್ನು ಅಷ್ಟು ಖಚಿತವಾಗಿ ಕಟ್ಟಲಿಲ್ಲ. ಗಡಿ ಗುರುತಿಸುವಿಕೆ, ಮೀಸಲಾತಿ ಪಟ್ಟಿ ಎಂಬ ಪೂರ್ವಸಿದ್ಧತೆಗಳ ಬಾಗಿಲಿನಿಂದ ‘ಬಹುದು’ ಒಳಗೆ ಬಂದಿತು. ಅಷ್ಟೇ ಮುಖ್ಯವಾಗಿ, ಕಾಲ ಮೀರಿದ ಸರ್ಕಾರಕ್ಕೆ ತಾನಾಗಿಯೇ ತಗಲುವ ಯಾವ ನಷ್ಟವನ್ನೂ ಆ ವಿಧಿ ಹೇಳುವುದಿಲ್ಲ. ಪರಿಣಾಮವಿಲ್ಲದ ‘ತಕ್ಕದ್ದು’ ಕಾಲಕ್ರಮದಲ್ಲಿ ‘ಬಹುದು’ ಆಗಿಬಿಡುತ್ತದೆ.

ಪರಿಣಾಮವಿರುವ ಕಡ್ಡಾಯ ಹೇಗಿರುತ್ತದೆ ಎಂಬುದಕ್ಕೂ ನಿದರ್ಶನಗಳಿವೆ. ಕರ್ನಾಟಕದ 2011ರ ಸಕಾಲ ಕಾಯ್ದೆ ನಾಗರಿಕನ ಅರ್ಜಿಗೆ ಗಡುವು ನಿಗದಿಪಡಿಸಿ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಹೊಣೆಗಾರ ಅಧಿಕಾರಿಯೇ ಭರಿಸುವಂತೆ ಮಾಡಿತು. ಹದಿನಾಲ್ಕನೆಯ ಕೇಂದ್ರ ಹಣಕಾಸು ಆಯೋಗ 2015ರಿಂದ 2020ರ ಅವಧಿಗೆ ನೀಡಿದ ಹಣವನ್ನು ರಾಜ್ಯಗಳು 15 ದಿನಗಳೊಳಗೆ ಪಂಚಾಯತಿಗಳಿಗೆ ತಲುಪಿಸಬೇಕಿತ್ತು. ತಡವಾದರೆ ಬಡ್ಡಿ ಸೇರಿಸಿ ಕೊಡಬೇಕಿತ್ತು. ಇವೆರಡರಲ್ಲೂ ಮೊತ್ತ ದೊಡ್ಡದಲ್ಲ, ತತ್ವ ದೊಡ್ಡದು. ಮೇಲಿರುವವನ ವಿಳಂಬಕ್ಕೆ ಬೆಲೆ ನಿಗದಿಯಾಗಿದೆ ಎಂಬುದೇ ಆ ತತ್ವ.

ಅದೇ ಆಯೋಗದ ಇನ್ನೊಂದು ನಿರ್ಧಾರ ಮಾತ್ರ ವಿನ್ಯಾಸದ ಅಪಾಯವನ್ನು ತೋರಿಸಿತು. ಹಣವನ್ನು ಗ್ರಾಮ ಪಂಚಾಯತಿಗಳಿಗಷ್ಟೇ ನೀಡಿ ತಾಲ್ಲೂಕು ಮತ್ತು ಜಿಲ್ಲಾ ಹಂತಗಳನ್ನು ಅದು ಕೈಬಿಟ್ಟಿತು. ನೇರವಾಗಿ ತಳಮಟ್ಟಕ್ಕೆ ಎಂಬ ಘೋಷಣೆ ಆಕರ್ಷಕ. ಆದರೆ ಸಂಪನ್ಮೂಲವಿಲ್ಲದ ಮೇಲಿನ ಎರಡು ಹಂತಗಳು ದುರ್ಬಲವಾದಾಗ ಆ ಜಾಗವನ್ನು ತುಂಬುವುದು ಹಳ್ಳಿಯಲ್ಲ, ಇಲಾಖೆ. ಹದಿನೈದನೆಯ ಆಯೋಗ ಮೂರು ಹಂತಗಳಿಗೂ ಹಣ ನೀಡುವ ಕ್ರಮಕ್ಕೆ ಮರಳಿತು.

7. ಆಕ್ಷೇಪಗಳು

ವಿಕೇಂದ್ರೀಕರಣದ ಪರವಾದ ಯಾವ ವಾದವೂ 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ಅಂಬೇಡ್ಕರ್ ಅವರು ಎತ್ತಿದ ಪ್ರಶ್ನೆಯನ್ನು ದಾಟಿ ಹೋಗುವಂತಿಲ್ಲ. ಹಳ್ಳಿಯನ್ನು ಆದರ್ಶ ಗಣರಾಜ್ಯವೆಂದು ಕಾಣುವ ಭಾವುಕತೆಯನ್ನು ಅವರು ಒಪ್ಪಲಿಲ್ಲ. ಜಾತಿಯ ಯಜಮಾನಿಕೆ ಇರುವಲ್ಲಿ ಹಳ್ಳಿಗೆ ಕೊಟ್ಟ ಅಧಿಕಾರ ಹಳ್ಳಿಯ ಬಲಾಢ್ಯರಿಗೆ ಕೊಟ್ಟ ಅಧಿಕಾರವಾಗುತ್ತದೆ ಎಂಬ ಆತಂಕವನ್ನು ಕ್ರೂಕ್ ಮತ್ತು ಮೇನರ್ ಅವರ ಅಧ್ಯಯನವೂ ಒಂದು ಮಟ್ಟಿಗೆ ದೃಢಪಡಿಸುತ್ತದೆ. ದಲಿತ ಅಧ್ಯಕ್ಷರನ್ನು ಅವಿಶ್ವಾಸ ನಿರ್ಣಯದ ಬೆದರಿಕೆಯಿಂದ ಮಣಿಸುವುದು, ಗ್ರಾಮಸಭೆಯನ್ನು ಕಾಗದದ ಮೇಲಷ್ಟೇ ನಡೆಸುವುದು ವ್ಯವಸ್ಥೆಯ ಒಳಗಿನ ರೋಗಗಳು.

ಈ ಆಕ್ಷೇಪ ಸರಿಯಾದದ್ದು. ಅದರಿಂದ ಹೊರಡುವ ತೀರ್ಮಾನ ಯಾವುದು ಎಂಬುದು ಪ್ರಶ್ನೆ. ಹಳ್ಳಿಯಲ್ಲಿ ಅಸಮಾನತೆಯಿದೆ, ಆದ್ದರಿಂದ ಅಧಿಕಾರ ಮೇಲಿರಲಿ ಎನ್ನುವುದಾದರೆ, ತಾಲ್ಲೂಕು ಕಚೇರಿಯೂ ವಿಧಾನಸೌಧವೂ ಅಸಮಾನತೆಯಿಂದ ಮುಕ್ತವಾಗಿವೆ ಎಂದು ಭಾವಿಸಬೇಕಾಗುತ್ತದೆ. ದುರ್ಬಲರನ್ನು ಕಾಪಾಡಿದ್ದು ಅಧಿಕಾರದ ಕೇಂದ್ರೀಕರಣವಲ್ಲ, ಮೀಸಲಾತಿಯೆಂಬ ಕಡ್ಡಾಯ ನಿಯಮ. ಆದ್ದರಿಂದ ಅಂಬೇಡ್ಕರ್ ಅವರ ಪ್ರಶ್ನೆ ‘ತಕ್ಕದ್ದು’ಗಳನ್ನು ಹೆಚ್ಚಿಸಬೇಕೆಂದು ಹೇಳುತ್ತದೆಯೇ ಹೊರತು, ಪಂಚಾಯತಿಗಳನ್ನು ಬರಿದುಗೊಳಿಸಬೇಕೆಂದು ಹೇಳುವುದಿಲ್ಲ.

ಸಾಮರ್ಥ್ಯ ಮತ್ತು ಭ್ರಷ್ಟಾಚಾರದ ಆಕ್ಷೇಪ ಎರಡನೆಯದು. ಇಲ್ಲಿ ಹೊಣೆಗಾರಿಕೆಯ ಅಸಮತೋಲನವನ್ನು ಗಮನಿಸಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯತಿ ಪ್ರತಿ ವರ್ಷ ಜಮಾಬಂದಿಯಲ್ಲಿ ತನ್ನ ಲೆಕ್ಕವನ್ನೂ ಕಾಮಗಾರಿಯನ್ನೂ ಊರಿನ ಜನರ ಮುಂದೆ ಒಪ್ಪಿಸಬೇಕು. ರಾಜ್ಯದ ಇಲಾಖೆಯೊಂದು ಅದೇ ಊರಿನಲ್ಲಿ ಅದಕ್ಕಿಂತ ಹಲವು ಪಟ್ಟು ಹಣ ವೆಚ್ಚ ಮಾಡಿದರೂ ಅಂಥ ಬಯಲು ಪರೀಕ್ಷೆಗೆ ನಿಲ್ಲಬೇಕಾಗಿಲ್ಲ. ಕಾಣುವ ಕಡೆ ತಪ್ಪು ಹೆಚ್ಚೆಂದು ಭಾವಿಸುವುದು, ಕಾಣದ ಕಡೆ ಇಲ್ಲವೆಂದು ನಂಬುವುದು ವಿಮರ್ಶೆಯ ಕ್ರಮವಲ್ಲ.

8. ಸಮಾರೋಪ

ಮೇಲಿನ ಚರ್ಚೆಯಿಂದ ನೀತಿಯ ನಾಲ್ಕು ಮುಖಗಳಿಗೆ ಸಂಬಂಧಿಸಿದಂತೆ ಕೆಲವು ನಿಲುವುಗಳನ್ನು ತಲುಪಬಹುದು. ರಚನೆಯ ಹಂತದಲ್ಲಿ, ಹೊಣೆಯನ್ನು ವಹಿಸುವ ಆದೇಶದಲ್ಲಿಯೇ ಅದಕ್ಕೆ ಬೇಕಾದ ಹಣದ ಶೀರ್ಷಿಕೆಯೂ ಸಿಬ್ಬಂದಿಯೂ ನಮೂದಾಗಬೇಕು. ಇವು ಮೂರೂ ಒಟ್ಟಿಗೆ ಬಾರದ ಹೊಣೆ ವರ್ಗಾವಣೆಯನ್ನು ವರ್ಗಾವಣೆಯೆಂದು ಪರಿಗಣಿಸಬಾರದು. ನಿಯಂತ್ರಣದ ಹಂತದಲ್ಲಿ, ಪಂಚಾಯತಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರ ಸರ್ಕಾರದ ಕೈಯಿಂದ ಸ್ವತಂತ್ರ ವ್ಯವಸ್ಥೆಗೆ ಹೋಗಬೇಕು. ಕೇರಳದ ಸ್ಥಳೀಯ ಸಂಸ್ಥೆಗಳ ಒಂಬುಡ್ಸ್‌ಮನ್ ಇದಕ್ಕೊಂದು ಮಾದರಿ. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿಯ ಕೆಲಸ ಅವಧಿ ಮುಗಿಯುವ ಮುನ್ನ ನಿಗದಿತ ದಿನಾಂಕದೊಳಗೆ ಪೂರ್ಣಗೊಳ್ಳದಿದ್ದರೆ ಹಳೆಯ ಪಟ್ಟಿಯ ಆಧಾರದಲ್ಲಿಯೇ ಚುನಾವಣೆ ನಡೆಯಬೇಕೆಂಬ ನಿಯಮ ಶಾಸನದಲ್ಲಿ ಸೇರಬೇಕು. ಹಣಕಾಸಿನಲ್ಲಿ, ಷರತ್ತಿಲ್ಲದ ಹಣದ ಪ್ರಮಾಣವನ್ನು ಸಂಬಳ ಮತ್ತು ಯೋಜನೆಗಳ ಹಣದಿಂದ ಬೇರ್ಪಡಿಸಿ ತೋರಿಸಬೇಕು. ತಡವಾದ ಕಂತಿಗೆ ರಾಜ್ಯವೂ ಬಡ್ಡಿ ಕೊಡಬೇಕು. ಅನುಷ್ಠಾನದಲ್ಲಿ, ಪಂಚಾಯತಿಯ ಕೆಲಸ ಮಾಡುವ ನೌಕರ ಪಂಚಾಯತಿಗೆ ಉತ್ತರದಾಯಿಯಾಗಬೇಕು. ಊರಿನೊಳಗೆ ವೆಚ್ಚ ಮಾಡುವ ಇಲಾಖೆಗಳೂ ಜಮಾಬಂದಿಯ ವ್ಯಾಪ್ತಿಗೆ ಬರಬೇಕು.

ಇವುಗಳಲ್ಲಿ ಯಾವುದೂ ಹೊಸ ಸಂಸ್ಥೆಗಳನ್ನು ಕಟ್ಟುವ ಭಾರೀ ಯೋಜನೆಯನ್ನು ಬೇಡುವುದಿಲ್ಲ. ಇರುವ ವಾಕ್ಯಗಳ ಕರ್ತೃವನ್ನು ಸ್ಪಷ್ಟಪಡಿಸಿ, ಕ್ರಿಯಾಪದವನ್ನು ಬಿಗಿಗೊಳಿಸಿ, ಅದನ್ನು ಮೀರಿದರೆ ಆಗುವ ಪರಿಣಾಮವನ್ನು ಬರೆಯಬೇಕೆನ್ನುತ್ತವೆ. ಸರ್ಕಾರಿ ಕನ್ನಡದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಕರ್ತೃವಿಲ್ಲದ ವಾಕ್ಯ ಎಷ್ಟು ಸಹಜವಾಗಿದೆಯೆಂದರೆ, ಯಾರು ಕೈಗೊಳ್ಳುತ್ತಾರೆ ಎಂದು ಕೇಳುವುದೇ ಅಸಹಜವೆನಿಸುತ್ತದೆ. ಭಾಷೆಯ ಅಧ್ಯಯನಕಾರರೂ ನೀತಿಯ ಅಧ್ಯಯನಕಾರರೂ ಜೊತೆಯಾಗಿ ಕೇಳಬೇಕಾದ ಪ್ರಶ್ನೆ ಅದು. 1987ರಲ್ಲಿ ಮಂಡಲ ಪಂಚಾಯತಿಯ ಮೆಟ್ಟಿಲು ಹತ್ತಿದ ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ 1992ರಲ್ಲಿ ಬಾಗಿಲು ಮುಚ್ಚಿದವರು ಯಾರು ಎಂಬುದಕ್ಕೆ ಶಾಸನದಲ್ಲಿ ಉತ್ತರವಿರಲಿಲ್ಲ. ಮುಂದಿನ ಶಾಸನವನ್ನು ಬರೆಯುವವರು ಮೊದಲು ಆ ಕರ್ತೃಪದವನ್ನು ತುಂಬಬೇಕಾಗಿದೆ.